ಬೆಟ್ಟದ ಆ ಕಡೆ ಕೂನೂರು, ಈ ಕಡೆ ಮೈಸೂರು

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರೆಲ್ಲ ಮಂಜು ನೋಡಲು ಹೋಗುತ್ತಾರೆ. ಎತ್ತರ 1,454 ಮೀಟರ್; ಬಂಡೀಪುರದ ಕಾಡಿನಲ್ಲಿ ಇದಕ್ಕಿಂತ ಎತ್ತರದ ಜಾಗವಿಲ್ಲ. ಮೇಲಿನ ಗೋಪಾಲಸ್ವಾಮಿ ಗುಡಿಯನ್ನು ಹೊಯ್ಸಳರ ಬಲ್ಲಾಳ ದೊರೆ 1315ರ ಹೊತ್ತಿಗೆ ಕಟ್ಟಿಸಿದನೆಂದು ಹೇಳುತ್ತಾರೆ. ಸ್ವಂತ ಗಾಡಿಯನ್ನು ತಪ್ಪಲಲ್ಲೇ ಬಿಟ್ಟು ಕೆಎಸ್ಸಾರ್ಟಿಸಿ ಬಸ್ಸು ಹತ್ತಬೇಕು. ಬೆಟ್ಟದ ಉತ್ತರಕ್ಕೆ ಗುಂಡ್ಲುಪೇಟೆಯ ಬಯಲು: ಅರಿಶಿನ, ಈರುಳ್ಳಿ, ಚೆಂಡುಹೂವು, ರಾಗಿ, ಹುರುಳಿ. ಅದರಾಚೆ ನಂಜನಗೂಡು, ಮೈಸೂರು. ದಕ್ಷಿಣಕ್ಕೆ ಕಾಡು ದಾಟಿದರೆ ಗೂಡಲೂರು, ಊಟಿ, ಕೂನೂರು.

ಬಿಪಿ ಇರುವ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ನಮ್ಮ ವಂಶದಲ್ಲೇ ಇದೆ ಬಿಡಿ, ಅಪ್ಪನಿಗೂ ಇತ್ತು, ಅಜ್ಜಿಗೂ ಇತ್ತು.’ ವಂಶದ್ದು ಎಷ್ಟು, ತಟ್ಟೆಯದ್ದು ಎಷ್ಟು ಎನ್ನುವ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆಯಲ್ಲಿ ಈ ಬೆಟ್ಟದ ಎರಡು ಕಡೆಯ ಊರುಗಳಿಗೂ ಪಾಲಿದೆ. ಇಷ್ಟಾಗಿಯೂ ಈ ದಾರಿಯಲ್ಲಿ ಊಟಿಗೆ ಹೋಗಿಬರುವವರಿಗೆ ಅದರ ಸುಳಿವಿಲ್ಲ.

ಮೊದಲು ಕೂನೂರು. ಅಲ್ಲಿನ ಪಾಸ್ಚರ್ ಸಂಸ್ಥೆಯಲ್ಲಿ 1918ರಲ್ಲಿ ಸೇನೆಯ ವೈದ್ಯ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ತನಿಖೆ ಶುರುಮಾಡಿದರು. ಅದೇ ಬೆಳೆದು ಆಹಾರ ಸಂಶೋಧನಾಲಯವಾಯಿತು. ಮೆಕ್‌ಕ್ಯಾರಿಸನ್ ಹೆಸರು ಮಾಡಿದ್ದು ಒಂದು ವಿಚಿತ್ರ ಪಂಕ್ತಿ ಊಟದಿಂದ. ಒಂದೇ ವಯಸ್ಸಿನ ಇಲಿಮರಿಗಳನ್ನು ಗುಂಪು ಮಾಡಿ, ಒಂದು ಗುಂಪಿಗೆ ಸಿಖ್ಖರ ಊಟ, ಇನ್ನೊಂದಕ್ಕೆ ಪಠಾಣರ ಊಟ, ಹೀಗೆ ಮರಾಠಿ, ಗೂರ್ಖಾ, ಕನ್ನಡ, ಬಂಗಾಳಿ, ಮದ್ರಾಸಿ ಊಟ ಹಾಕಿಸಿದರು. ಕೊನೆಗೆ ತೂಗಿದಾಗ ಸಿಖ್ಖರ ಊಟದ ಇಲಿಗಳು ಸರಾಸರಿ 235 ಗ್ರಾಂ, ಕನ್ನಡದ ಊಟದವು 185, ಮದ್ರಾಸಿ ಊಟದವು 155. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ಸೇರಿದ ತಟ್ಟೆ ಗೆದ್ದಿತು; ಪಾಲಿಶ್ ಅಕ್ಕಿಯ ತಟ್ಟೆ ಕೊನೆಗೆ ನಿಂತಿತು. ಕನ್ನಡದ ಊಟಕ್ಕೆ ಏಳರಲ್ಲಿ ಐದನೇ ಸ್ಥಾನ. ಆದರೆ ಕನ್ನಡದ ಊಟ ಎಂದರೆ ಯಾವುದು ಸ್ವಾಮಿ? ಕರಾವಳಿಯ ಗಂಜಿಯೇ, ಧಾರವಾಡದ ಜೋಳದ ರೊಟ್ಟಿಯೇ, ಗುಂಡ್ಲುಪೇಟೆಯ ರಾಗಿಮುದ್ದೆಯೇ? ಒಂದು ಭಾಷೆಗೆ ಒಂದೇ ತಟ್ಟೆ ಇಡುವುದು ಇಲಿಗಳಿಗೆ ಸರಿಹೋಗಬಹುದು, ಕನ್ನಡಿಗರು ಒಪ್ಪುವುದು ಕಷ್ಟ.

1929ರಲ್ಲಿ ಇದೇ ಕೂನೂರಿಗೆ ಲೂಸಿ ವಿಲ್ಸ್ ಬಂದರು. ಮುಂಬಯಿಯ ಗಿರಣಿ ಕೆಲಸದ ಬಸುರಿಯರಲ್ಲಿ ರಕ್ತ ಕ್ಷೀಣಿಸಿ ಪ್ರಾಣ ತೆಗೆಯುತ್ತಿದ್ದ ಕಾಯಿಲೆಯ ಬೆನ್ನು ಹತ್ತಿದ್ದ ವೈದ್ಯೆ ಅವರು. ಆ ಹೆಂಗಸರು ಉಣ್ಣುತ್ತಿದ್ದುದನ್ನೇ ಇಲಿಗಳಿಗೆ ಹಾಕಿ, ಏನು ಸೇರಿಸಿದರೆ ರಕ್ತ ಕೂಡುತ್ತದೆ ಎಂದು ನೋಡಿದರು. ಕೊನೆಗೆ ಕೈಹಿಡಿದದ್ದು ಯೀಸ್ಟ್. ಬಿಯರ್ ತಯಾರಿಕೆಯಲ್ಲಿ ಉಳಿಯುವ ಹುದುಗಿನ ಆ ಸತ್ವ ಮಾರ್ಮೈಟ್ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. 1931ರಲ್ಲಿ ಫಲಿತಾಂಶ ಅಚ್ಚಾಯಿತು. ಅದರೊಳಗಿನ ವಸ್ತು ಯಾವುದೆಂದು ತಿಳಿಯದೆ ಜನ ಅದನ್ನು ‘ವಿಲ್ಸ್ ಅಂಶ’ ಎಂದೇ ಕರೆದರು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ಫೋಲಿಕ್ ಆಮ್ಲವೇ ಅದು ಎಂದು ಆಮೇಲೆ ತಿಳಿಯಿತು. ಇಂದು ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಕೊಡುವ ಮಾತ್ರೆಯ ಮೂಲ ಇಲ್ಲಿದೆ.

ಮುಂದೆ ನಿರ್ದೇಶಕರಾದ ಆಯ್ಕ್ರಾಯ್ಡ್ ಅವರ ಕಾಲದಲ್ಲಿ ಕೂನೂರಿನವರ ಕಣ್ಣು ಬಿದ್ದದ್ದು ದಕ್ಷಿಣದ ಬಡವರ ಬಾಯಿಯ ಮೇಲೆ. ತುಟಿಯ ಅಂಚು ಸೀಳಿ, ನಾಲಿಗೆ ಕೆಂಪಾಗಿ ಉರಿಯುವುದು ಬಿ2 ವಿಟಮಿನ್ನಿನ, ಅಂದರೆ ರೈಬೋಫ್ಲೇವಿನ್‌ನ ಕೊರತೆಯಿಂದ ಎಂದು 1936ರಲ್ಲಿ ಬರೆದರು. ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಎಂಬ ಹೆಸರು ಪಡೆಯಿತು. ಅಲ್ಲಿ 1969ರಲ್ಲಿ ಮಹತಾಬ್ ಬಾಮ್ಜಿ ಕೆಂಪು ರಕ್ತಕಣದ ಒಂದು ಕಿಣ್ವದಿಂದ ದೇಹದ ಬಿ2 ಮಟ್ಟವನ್ನು ಅಳೆಯಬಹುದು ಎಂದು ತೋರಿಸಿದರು. ಆ ಬಗೆಯ ಪರೀಕ್ಷೆ ದೂರದ ಐರ್ಲೆಂಡಿನಲ್ಲಿ ಬಿಪಿಯ ಸಂಶೋಧನೆಗೆ ಉಪಯೋಗಕ್ಕೆ ಬಂತು.

ಅಲ್ಲಿಗೆ ಮುಟ್ಟುವ ಮೊದಲು ಕೆನಡಾ. 1995ರಲ್ಲಿ ಮಾಂಟ್ರಿಯಲ್‌ನ ರಿಮಾ ರೋಜನ್ ತಂಡ ಎಂಟಿಎಚ್‌ಎಫ್‌ಆರ್ ಎಂಬ ಜೀನಿನಲ್ಲಿ 677ನೇ ಸ್ಥಾನದ ಒಂದು ಅಕ್ಷರ ಬದಲಾಗಿರುವುದನ್ನು ವರದಿ ಮಾಡಿತು: ಸಿ ಇರಬೇಕಾದಲ್ಲಿ ಟಿ. ಈ ಜೀನು ತಯಾರಿಸುವ ಕಿಣ್ವದ ಕೆಲಸ, ಲೂಸಿ ವಿಲ್ಸ್ ಹುಡುಕಿದ ಫೋಲೇಟನ್ನು ದೇಹ ಬಳಸುವ ರೂಪಕ್ಕೆ ತರುವುದು. ಅದು ದುಡಿಯಬೇಕಾದರೆ ಆಯ್ಕ್ರಾಯ್ಡ್ ಬರೆದ ಬಿ2 ಜೊತೆಗಿರಬೇಕು. ಕಿಣ್ವ ಗುದ್ದಲಿಯಾದರೆ ಬಿ2 ಅದರ ಕಾವು. ತಂದೆಯಿಂದಲೂ ತಾಯಿಯಿಂದಲೂ ಟಿ ಪಡೆದವರಲ್ಲಿ ಕಾವು ಸಡಿಲ, ಬೇಗ ಕಳಚುತ್ತದೆ. ಬಿ2 ಸಾಕಷ್ಟು ಇದ್ದರೆ ಕೆಲಸ ನಡೆಯುತ್ತದೆ. ಇಲ್ಲದಿದ್ದರೆ ಹೋಮೋಸಿಸ್ಟೀನ್ ಎಂಬ ವಸ್ತು ರಕ್ತದಲ್ಲಿ ಏರುತ್ತದೆ.

ಉತ್ತರ ಐರ್ಲೆಂಡಿನ ಅಲ್ಸ್ಟರ್ ವಿಶ್ವವಿದ್ಯಾಲಯದ ಹೆಲೀನ್ ಮೆಕ್‌ನಲ್ಟಿ ತಂಡ ಹೀಗೆ ಎರಡೂ ಕಡೆಯಿಂದ ಟಿ ಪಡೆದ ‘ಟಿಟಿ’ ಜನರಿಗೆ ದಿನಕ್ಕೆ 1.6 ಮಿ.ಗ್ರಾಂ ಬಿ2 ಅನ್ನು 16 ವಾರ ಕೊಟ್ಟಿತು. ಹೃದ್ರೋಗಿಗಳ ಮೇಲೆ ಮಾಡಿದ, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟಿಟಿಯವರ ಬಿಪಿಯ ಮೇಲಿನ ಅಂಕ ಸರಾಸರಿ 144ರಿಂದ 131ಕ್ಕೆ ಇಳಿಯಿತು. ಉಳಿದವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. 2013ರಲ್ಲಿ ಪ್ರಕಟವಾದ, ಬಿಪಿ ಇದ್ದ ಟಿಟಿಯವರ ಮೇಲಿನ ಪ್ರಯೋಗದಲ್ಲಿ ಇಳಿಕೆ ಐದಾರು ಅಂಕದಷ್ಟು. ಮೊದಲಿನಷ್ಟು ದೊಡ್ಡದಲ್ಲ, ಆದರೂ ಒಂದು ಚಿಟಿಕೆ ವಿಟಮಿನ್ನಿಗೆ ಕಡಿಮೆಯೂ ಅಲ್ಲ. ಹೋಮೋಸಿಸ್ಟೀನ್ ಇಳಿದದ್ದರಿಂದಲೇ ಒತ್ತಡ ಇಳಿಯಿತು ಎನ್ನುವ ಹಾಗೂ ಇಲ್ಲ. ಫೋಲಿಕ್ ಆಮ್ಲವೂ ಹೋಮೋಸಿಸ್ಟೀನನ್ನು ಇಳಿಸುತ್ತದೆ, ಬಿಪಿಯನ್ನು ಹೀಗೆ ಇಳಿಸುವುದಿಲ್ಲ. 2011ರಲ್ಲಿ ಯುರೋಪ್ ಮೂಲದ ಎರಡು ಲಕ್ಷ ಜನರ ಜೀನು ಜಾಲಾಡಿದಾಗಲೂ ಬಿಪಿಗೆ ನಂಟುಳ್ಳ ತಾಣಗಳಲ್ಲಿ ಎಂಟಿಎಚ್‌ಎಫ್‌ಆರ್ ಜೀನಿನ ಆಸುಪಾಸು ಸಿಕ್ಕಿತು. ಪಕ್ಕದಲ್ಲೇ ಬಿಪಿಗೆ ಸಂಬಂಧಿಸಿದ ಇನ್ನೊಂದು ಜೀನೂ ಕೂತಿರುವುದರಿಂದ ಹೊಣೆ ಯಾರದೆಂಬ ತಕರಾರು ಉಳಿದಿದೆ.

ಇದೆಲ್ಲ ಗುಂಡ್ಲುಪೇಟೆಯವರಿಗೆ ಎಷ್ಟು ಅನ್ವಯ? ಐರ್ಲೆಂಡಿನಲ್ಲಿ ಹತ್ತರಲ್ಲಿ ಒಬ್ಬರು ಟಿಟಿ, ಮೆಕ್ಸಿಕೋದಲ್ಲಿ ಇನ್ನೂ ಹೆಚ್ಚು. ಭಾರತದಲ್ಲಿ ಅದು ಅಪರೂಪ. ಇಲ್ಲಿ ಗುದ್ದಲಿ ಬಹುಪಾಲು ನೆಟ್ಟಗಿದೆ, ಕೊರತೆ ಬೇರೆ ಕಡೆ.

ಆ ಕೊರತೆಯ ದಾಖಲೆ ಬೆಟ್ಟದ ಉತ್ತರದ ಮೈಸೂರಿನಲ್ಲಿದೆ. ವೆಸ್ಲಿಯನ್ ಮಿಷನ್ 1906ರಲ್ಲಿ ಕಟ್ಟಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಸೂಲಗಿತ್ತಿ ದಾದಿಯರು 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಸುತ್ತಳತೆ ಬರೆದಿಟ್ಟರು. ಅರ್ಧ ಶತಮಾನ ಕಪಾಟಿನಲ್ಲಿದ್ದ ಆ ರಿಜಿಸ್ಟರುಗಳನ್ನು ಹಿಡಿದು, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಜನರನ್ನು ಮೈಸೂರಿನಲ್ಲೇ ಹುಡುಕಿ, ಕ್ಯಾರೊಲಿನ್ ಫಾಲ್ ಅವರ ತಂಡ 1996ರಲ್ಲಿ ಲೇಖನ ಪ್ರಕಟಿಸಿತು. ಹುಟ್ಟಿದಾಗ ಎರಡೂವರೆ ಕಿಲೋಗಿಂತ ಹೆಚ್ಚಿಲ್ಲದವರಲ್ಲಿ ನಡುವಯಸ್ಸು ದಾಟಿದ ಮೇಲೆ ಹೃದ್ರೋಗ ಹೆಚ್ಚು. ತಾಯಿ ಬಸುರಿಯಾಗಿದ್ದಾಗ ಬಡಕಲಾಗಿದ್ದರೆ ಇನ್ನೂ ಹೆಚ್ಚು. ಬಿಪಿಗೂ ಹುಟ್ಟಿನ ತೂಕಕ್ಕೂ ನಂಟಿರಬೇಕೆಂದು ಇಂಗ್ಲೆಂಡಿನ ಲೆಕ್ಕ ಹೇಳುತ್ತಿತ್ತು. ಮೈಸೂರಿನವರಲ್ಲಿ ಆ ನಂಟು ಸಿಗಲೇ ಇಲ್ಲ. 2000ದಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದ್ದು ಆ ತಂಡದ ದೊಡ್ಡತನ. ಹೊರಗಿನ ಸೂತ್ರ ಇಲ್ಲಿಗೆ ತಾನಾಗಿ ಹೊಂದುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರ ಅಧ್ಯಯನ ಶುರುವಾಯಿತು. ಅದರಿಂದ ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು 785 ಹೆಂಗಸರ ರಕ್ತದ ಫಲಿತಾಂಶವನ್ನು 2009ರಲ್ಲಿ ಕೊಟ್ಟರು: ಫೋಲೇಟ್ ಕೊರತೆ ಬರೀ ನೂರಕ್ಕೆ 4 ಮಂದಿಯಲ್ಲಿ, ಬಿ12 ಕೊರತೆ ನೂರಕ್ಕೆ 43 ಮಂದಿಯಲ್ಲಿ. ಫೋಲೇಟ್ ತುಂಬಿರುವುದಕ್ಕೆ ಸರ್ಕಾರಿ ಮಾತ್ರೆ ಕಾರಣವಿರಬಹುದು, ಸೊಪ್ಪು ಕಾಳಿನ ಅಡುಗೆಗೂ ಪಾಲಿರಬಹುದು. ಫೋಲೇಟೂ ಬಿ2ವೂ ನೀರಿನಲ್ಲಿ ಕರಗುತ್ತವೆ. ಸೊಪ್ಪು ಬೇಯಿಸಿ ನೀರು ಚೆಲ್ಲುವ ಮನೆಯಲ್ಲಿ ಅವು ಬಚ್ಚಲು ಸೇರುತ್ತವೆ. ಬಸ್ಸಾರು ಮಾಡುವ ಮನೆಯಲ್ಲಿ ಬಸಿದ ನೀರೇ ಸಾರಾಗಿ ತಟ್ಟೆಗೆ ಬರುತ್ತದೆ. ಬಿ12 ಮಾತ್ರ ಯಾವ ಸೊಪ್ಪಿನಲ್ಲೂ ಸಿಗದು. ಅದು ಬರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ಬಿ12 ಇಲ್ಲದಿದ್ದರೆ ಎಷ್ಟು ಫೋಲೇಟ್ ಇದ್ದರೂ ಹೋಮೋಸಿಸ್ಟೀನ್ ಇಳಿಯುವುದಿಲ್ಲ.

ರಾಗಿಯನ್ನು ಇಲ್ಲಿ ಹೊಗಳಿಬಿಡುವ ಆಸೆಯಾಗುತ್ತದೆ, ಆದರೆ ಲೆಕ್ಕ ಸಹಕರಿಸುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಬಿ2 0.2 ಮಿ.ಗ್ರಾಂ ಕೂಡ ಇಲ್ಲ. ಪಾಲಿಶ್ ಅಕ್ಕಿಗಿಂತ ಹಲವು ಪಟ್ಟು ಮೇಲು, ನಿಜ. ದಿನಕ್ಕೆ ಬೇಕಾದ ಎರಡು ಮಿ.ಗ್ರಾಂಗೆ ಮುದ್ದೆಯೊಂದೇ ಸಾಲದು. ಜೊತೆಗೆ ಹಾಲು, ಮಜ್ಜಿಗೆ, ಮೊಟ್ಟೆ, ಸೊಪ್ಪು ಇರಬೇಕು. ಇಲಿಗಳಿಗೆ ಉಣ್ಣಿಸಿ ಮೆಕ್‌ಕ್ಯಾರಿಸನ್ ಕಂಡದ್ದೂ ಹೆಚ್ಚುಕಡಿಮೆ ಇದನ್ನೇ.

ಆದ್ದರಿಂದ ಜೀನ್ ಪರೀಕ್ಷೆಯ ಜಾಹೀರಾತು ಕಂಡು ಸಾವಿರಾರು ರೂಪಾಯಿ ಸುರಿಯುವುದು ಈ ಸೀಮೆಯವರಿಗೆ ಸದ್ಯಕ್ಕೆ ದಂಡ. ವಿಟಮಿನ್ ಮಾತ್ರೆ ನಂಬಿ ಬಿಪಿ ಮಾತ್ರೆ ಬಿಡುವುದು ಅಪಾಯ. ಅಲ್ಸ್ಟರ್‌ನ ರೋಗಿಗಳೂ ತಮ್ಮ ಔಷಧಿಯ ಜೊತೆಗೇ ಬಿ2 ತೆಗೆದುಕೊಂಡರು. ಉಪ್ಪು ದಿನಕ್ಕೆ ಐದು ಗ್ರಾಂ ಒಳಗಿರಲಿ, ಮೂವತ್ತು ದಾಟಿದವರು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒತ್ತಡ ಅಳೆಸಿಕೊಳ್ಳಲಿ, ಹಾಲು ಮೊಟ್ಟೆ ಮುಟ್ಟದವರು ಒಮ್ಮೆ ಬಿ12 ನೋಡಿಸಿಕೊಳ್ಳಲಿ.