ಜೀವ ವಿಮೆಯ ಹಣ ನಾಮಿನಿಗೋ, ವಾರಸುದಾರರಿಗೋ?

ಮದುವೆಗೆ ಮುನ್ನ ಜೀವ ವಿಮೆ ಮಾಡಿಸಿದ ವ್ಯಕ್ತಿಯೊಬ್ಬರು ತಾಯಿಯನ್ನು ನಾಮಿನಿಯಾಗಿ ಹೆಸರಿಸಿದ್ದರು. ಮುಂದೆ ಮದುವೆಯಾಯಿತು, ಮಗು ಹುಟ್ಟಿತು. ಪಾಲಿಸಿಯಲ್ಲಿನ ಹೆಸರು ಮಾತ್ರ ಬದಲಾಗಲಿಲ್ಲ. 2019ರಲ್ಲಿ ಅವರು ತೀರಿಕೊಂಡ ಬಳಿಕ ವಿಮಾ ಹಣದ ವಿಚಾರ ಅತ್ತೆ-ಸೊಸೆಯರನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸಿತು. ತಾಯಿ, ಪತ್ನಿ ಹಾಗೂ ಮಗುವಿಗೆ ತಲಾ ಮೂರನೇ ಒಂದು ಪಾಲು ಸಲ್ಲಬೇಕೆಂಬ ಕೆಳ ನ್ಯಾಯಾಲಯದ ತೀರ್ಪನ್ನು 2025ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಎತ್ತಿಹಿಡಿಯಿತು.

ನಾಮಿನಿಯೇ ಹಣದ ಒಡೆಯ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಕಾನೂನಿನ ನಿಲುವು ಅಷ್ಟು ಸರಳವಲ್ಲ.

ಕಾನೂನು ಏನು ಹೇಳುತ್ತದೆ?

ನಾಮನಿರ್ದೇಶನಕ್ಕೆ ಆಧಾರ 1938ರ ವಿಮಾ ಕಾಯ್ದೆಯ 39ನೇ ಕಲಂ. ನಾಮಿನಿಯು ಹಣ ಪಡೆಯುವ ಕೈ ಮಾತ್ರ, ಹಣ ವಾರಸುದಾರರಿಗೆ ಸೇರಬೇಕು ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ಸರಬತಿ ದೇವಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2015ರ ತಿದ್ದುಪಡಿಯು ತಂದೆ-ತಾಯಿ, ಪತಿ ಅಥವಾ ಪತ್ನಿ ಮತ್ತು ಮಕ್ಕಳು ನಾಮಿನಿಗಳಾಗಿದ್ದರೆ ಅವರೇ ಹಣದ ಫಲಾನುಭವಿಗಳು ಎಂದಿತು. ಆದರೆ ಈ ತಿದ್ದುಪಡಿ ಉತ್ತರಾಧಿಕಾರ ಕಾನೂನನ್ನು ಮೀರುವುದಿಲ್ಲ, ವಾರಸುದಾರರು ಹಕ್ಕು ಮಂಡಿಸಿದರೆ ನಾಮಿನಿಯ ಹಕ್ಕು ಅದಕ್ಕೆ ಮಣಿಯಬೇಕು ಎಂಬುದು ಧಾರವಾಡ ಪೀಠದ ವ್ಯಾಖ್ಯಾನ.

ವಿಮಾ ಕಂಪನಿಯು ನಾಮಿನಿಗೆ ಹಣ ಪಾವತಿಸಿದರೆ ಅದರ ಹೊಣೆ ಅಲ್ಲಿಗೆ ಮುಗಿಯುತ್ತದೆ. ವಾರಸುದಾರರು ತಮ್ಮ ಪಾಲನ್ನು ನಾಮಿನಿಯಿಂದಲೇ ಕೇಳಬೇಕಾಗುತ್ತದೆ.

ಯಾರಿಗೆ ಎಷ್ಟು?

ಉಯಿಲು ಇದ್ದರೆ ಹಂಚಿಕೆ ಅದರಂತೆ ನಡೆಯುತ್ತದೆ. ಉಯಿಲು ಬರೆಯದೆ ಹಿಂದೂ ಪುರುಷ ಮೃತಪಟ್ಟರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ಪತ್ನಿ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳಿಗೆ ಸಮಪಾಲು. ಉದಾಹರಣೆಗೆ, ವಿಮಾ ಮೊತ್ತ 12 ಲಕ್ಷ ರೂಪಾಯಿಯಿದ್ದು ತಾಯಿ, ಪತ್ನಿ ಮತ್ತು ಇಬ್ಬರು ಮಕ್ಕಳಿದ್ದರೆ ತಲಾ 3 ಲಕ್ಷ. ತಂದೆ ಎರಡನೇ ವರ್ಗದ ವಾರಸುದಾರ. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ತಂದೆಗೆ ಪಾಲಿಲ್ಲ.

ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಮಕ್ಕಳಿದ್ದಾಗ ಪತ್ನಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು ಪಾಲು ಸಲ್ಲುತ್ತದೆ. ಮಗನ ಪಾಲು ಮಗಳ ಪಾಲಿನ ಇಮ್ಮಡಿ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅದರಂತೆ ಪತ್ನಿಗೆ ಮೂರನೇ ಒಂದು ಪಾಲು, ಉಳಿದುದು ಮಕ್ಕಳಿಗೆ.

ವ್ಯಾಜ್ಯ ತಪ್ಪಿಸುವುದು ಹೇಗೆ?

* ಮದುವೆ, ಮಗುವಿನ ಜನನ, ವಿಚ್ಛೇದನ ಅಥವಾ ನಾಮಿನಿಯ ಮರಣದ ನಂತರ ನಾಮನಿರ್ದೇಶನವನ್ನು ಪರಿಶೀಲಿಸಬೇಕು. ಪಾಲಿಸಿಯ ಅವಧಿ ಮುಗಿಯುವ ಮುನ್ನ ಯಾವಾಗ ಬೇಕಾದರೂ ಹೆಸರು ಬದಲಿಸಬಹುದು.

* ನಾಮಿನಿ ಅಪ್ರಾಪ್ತ ವಯಸ್ಕರಾಗಿದ್ದರೆ ಅವರ ಪರವಾಗಿ ಹಣ ಪಡೆಯಲು ಒಬ್ಬರನ್ನು ನೇಮಿಸಬೇಕು.

* ಕಾನೂನಿನ ಹಂಚಿಕೆಗಿಂತ ಭಿನ್ನವಾದ ಇಚ್ಛೆಯಿದ್ದರೆ ಅದನ್ನು ಉಯಿಲಿನಲ್ಲಿ ಬರೆದಿಡಬೇಕು. ಉಯಿಲಿನ ಮೂಲಕ ಕೊಡುವ ಹಕ್ಕಿಗೆ ಮುಸ್ಲಿಂ ಕಾನೂನಿನಲ್ಲಿ ಮಿತಿಯಿದೆ.

* ಪತ್ನಿ ಮತ್ತು ಮಕ್ಕಳಿಗೇ ಹಣ ಸೇರಬೇಕೆಂದಿದ್ದರೆ ಪಾಲಿಸಿ ಮಾಡಿಸುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಕಲಂ ಅನ್ವಯ ಅದನ್ನು ನಮೂದಿಸಬಹುದು. ಆಗ ಪಾಲಿಸಿ ಅವರ ಹಿತಕ್ಕಾಗಿ ಇರುವ ಟ್ರಸ್ಟ್ ಆಗುತ್ತದೆ. ಸಾಲಗಾರರಿಗೆ ವಂಚಿಸುವ ಉದ್ದೇಶ ಇಲ್ಲದಿದ್ದರೆ ಅವರೂ ಆ ಹಣವನ್ನು ಮುಟ್ಟುವಂತಿಲ್ಲ.

ಪಾಲಿಸಿ ಪತ್ರ ಎಲ್ಲಿದೆ, ನಾಮಿನಿ ಯಾರು ಎಂಬುದು ಮನೆಯವರಿಗೆ ಗೊತ್ತಿರುವುದೂ ಅಷ್ಟೇ ಮುಖ್ಯ. ಪ್ರೀಮಿಯಂ ಕಟ್ಟುವಾಗ ವರ್ಷಕ್ಕೊಮ್ಮೆ ಆ ಹೆಸರಿನತ್ತ ಕಣ್ಣು ಹಾಯಿಸಿದರೆ ಕುಟುಂಬವು ದುಃಖದ ನಡುವೆ ಕೋರ್ಟಿಗೆ ಅಲೆಯುವುದು ಬಹುಮಟ್ಟಿಗೆ ತಪ್ಪುತ್ತದೆ.