ಶೋಕಿಗೊಂದು ನೆಪ

‘ಶೋಕಿ’ ಎಂಬ ಪದಕ್ಕೆ ಉತ್ತಮ ಪುರುಷವಿಲ್ಲ. ಯಾವ ವ್ಯಾಕರಣದ ಪುಸ್ತಕವೂ ಹೀಗೆ ಹೇಳಿರಲಿಕ್ಕಿಲ್ಲ, ಆದರೆ ಬಳಕೆ ಗಮನಿಸಿ. ಅವನು ಶೋಕಿ ಮಾಡ್ತಾನೆ. ಅವಳದ್ದು ಈಚೆಗೆ ಶೋಕಿ ಜಾಸ್ತಿಯಾಯ್ತು. ಆ ಮನೆಯವರೆಲ್ಲ ಶೋಕೀಲಾಲರು. ‘ನೀನು’ ಕೂಡ ಬರುವುದುಂಟು, ಸಾಮಾನ್ಯವಾಗಿ ಅಪ್ಪನ ಬಾಯಲ್ಲಿ, ಕನ್ನಡಿ ಮುಂದೆ ತಲೆ ಬಾಚುತ್ತ ನಿಂತ ಮಗನ ಬೆನ್ನಿಗೆ: ‘ಸಾಕು ಮಾಡೋ ನಿನ್ನ ಶೋಕಿ.’ ನಾನು ಮಾತ್ರ ಎಂದೂ ಶೋಕಿ ಮಾಡುವುದಿಲ್ಲ. ನನಗಿರುವುದು ಆಸಕ್ತಿ, ಹವ್ಯಾಸ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಅದೇ ಅಭಿರುಚಿ. ಕಿಟಕಿಗೆ ಕೈಮಗ್ಗದ ಪರದೆ, ಗೋಡೆಗೊಂದು ಚಿತ್ರ, ಭಾನುವಾರ ಸಂಜೆ ಗಾಂಧಿ ಬಜಾರಿನಲ್ಲಿ ಒಂದು ಸುತ್ತು, ವಿದ್ಯಾರ್ಥಿ ಭವನದಲ್ಲಿ ದೋಸೆಗೆ ಕಾಯುವುದು, ಇವೆಲ್ಲ ನಮ್ಮ ಮನೆಯಲ್ಲಿ ಅಭಿರುಚಿ. ಎದುರು ಮನೆಯ ಹುಡುಗ ತಲೆಗೂದಲಿಗೆ ತಾಮ್ರದ ಬಣ್ಣ ಹಚ್ಚಿಸಿಕೊಂಡು ಬಂದರೆ ಅದು ಶೋಕಿ.

ಹುಟ್ಟುವಾಗ ಈ ಪದಕ್ಕೆ ಇಂಥ ಆರೋಪವೇನೂ ಅಂಟಿರಲಿಲ್ಲ. ಅರಬ್ಬಿಯಲ್ಲಿ ‘ಶೌಕ್’ ಅಂದರೆ ಹಂಬಲ, ಕಾತರ. ಸೂಫಿಗಳು ದೇವರಿಗಾಗಿ ಪಡುವ ತಹತಹಕ್ಕೆ ಬಳಸಿದ್ದು ಇದೇ ಪದವನ್ನು. ಪಾರಸಿಯನ್ನು ದಾಟಿ ಉರ್ದುವಿಗೆ ಬರುವ ಹೊತ್ತಿಗೆ ಅದು ದೇವರಿಂದ ಸ್ವಲ್ಪ ಕೆಳಗಿಳಿದು ಸಂಗೀತ, ಪಾರಿವಾಳ, ಅತ್ತರು, ಪಾನ್‌ಗಳ ಮೇಲಿನ ಒಲವಾಯಿತು. ನಮ್ಮ ನೆಲದಲ್ಲಿ ಪಾರಸಿ ಮಾತುಗಳು ನೆಲೆಯೂರಿದ್ದು ಬಹಮನಿಗಳ, ಆದಿಲ್‌ಶಾಹಿಗಳ ಕಾಲದಲ್ಲಿ. ಮುಂದೆ ಹೈದರ್–ಟಿಪ್ಪುವಿನ ಮೈಸೂರಿನಲ್ಲಿ ಇನ್ನಷ್ಟು ಸೇರಿಕೊಂಡವು. ಖಜಾನೆ, ದಫ್ತರು, ತಹಸೀಲ್ದಾರರ ಜೊತೆಗೆ ಖುಷಿ, ಮಜಾ, ಗುಲಾಬಿ, ಪರದೆ, ಜರಿ, ಶಾಲುಗಳೂ ಬಂದವು. ಕಂದಾಯದ ಮಾತು ತಂದವರೇ ಖುಷಿಯ ಮಾತನ್ನೂ ತಂದರು. ಮೂಲ ಅರ್ಥದ ಶೌಕಿಗೆ ಉದಾಹರಣೆ ಬೇಕಾದರೆ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಇದ್ದಾನೆ. 1580ರಿಂದ 1627ರವರೆಗೆ ಆಳಿದವನು. ಹಾಡಿಗಾಗಿ ಪುಸ್ತಕ ಬರೆದ, ನವರಸಪುರ ಎಂಬ ಊರು ಕಟ್ಟಲು ಹೊರಟ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟ. ಜನ ಅವನನ್ನು ಜಗದ್ಗುರು ಬಾದಶಹ ಎಂದರು. ದೊರೆ ತಂಬೂರಿಗೆ ಹೆಸರಿಟ್ಟರೆ ಇತಿಹಾಸವಾಗುತ್ತದೆ. ನಮ್ಮ ಬೀದಿಯ ಆಟೊದವನು ತನ್ನ ಗಾಡಿಗೆ ಹೆಸರಿಟ್ಟು ಬಣ್ಣದ ಲೈಟು ಕಟ್ಟಿಸಿದರೆ ನಾವು ಆಡುವ ಮಾತೇ ಬೇರೆ.

ಕನ್ನಡಕ್ಕೆ ಬಂದ ಶೌಕಿಗೆ ಎರಡು ಕಡೆಯಿಂದ ಏಟು ಬಿತ್ತು ಎನ್ನುವುದು ನನ್ನ ಊಹೆ. ಒಂದು ಕಡೆ ಸಂಸ್ಕೃತದ ‘ಶೋಕ’ ಮೊದಲೇ ಕೂತಿತ್ತು. ಒಂದು ಗುಡಿಸಿನ ಅಂತರದಲ್ಲಿ ದುಃಖವೂ ಡೌಲೂ ನೆರೆಹೊರೆಯಾದವು. ತಿಂಗಳ ಮೊದಲಲ್ಲಿ ಶೋಕಿ, ಕೊನೆಯಲ್ಲಿ ಶೋಕ ಎಂಬ ಹಾಸ್ಯವನ್ನು ಹೇಳದ ಮೇಷ್ಟ್ರಿಲ್ಲ. ಇನ್ನೊಂದು ಕಡೆಯಿಂದ ಇಂಗ್ಲಿಷಿನ ‘ಶೋ’ ಬಂತು. ಶೋಪೀಸು, ಶೋರೂಮು, ‘ಸುಮ್ನೆ ಶೋ ಕೊಡ್ತಾನೆ’. ಶೋಕಿ ಎಂಬುದೇ ಈ ಶೋ ಇಂದ ಹುಟ್ಟಿದ್ದೆಂದು ಗಟ್ಟಿಯಾಗಿ ನಂಬಿದವರನ್ನು ಕಂಡಿದ್ದೇನೆ. ನಂಟು ಸುಳ್ಳು, ಆದರೆ ಸುಳ್ಳು ನಂಟೂ ಪದದ ಬಾಳನ್ನು ತಿರುಗಿಸುತ್ತದೆ. ಒಳಗಿನ ಹಂಬಲ ಹೋಗಿ ಹೊರಗಿನ ತೋರಿಕೆ ಉಳಿಯಿತು. ಬರವಣಿಗೆಯಲ್ಲೂ ಪಾಪ ಇದಕ್ಕೊಂದು ಕಾಯಂ ವಿಳಾಸವಿಲ್ಲ. ಕೆಲವರು ಶಂಕರನ ‘ಶ’ ಹಾಕುತ್ತಾರೆ, ಕೆಲವರು ಷಣ್ಮುಖನ ‘ಷ’.

ಹಾಗಂತ ಇಡೀ ಕರ್ನಾಟಕ ಈ ಪದವನ್ನು ಹೀಗೆ ನಡೆಸಿಕೊಂಡಿಲ್ಲ. ಘಟ್ಟ ಇಳಿದು ನೋಡಿ. ತುಳುವಿನಲ್ಲಿ ‘ಶೋಕು’ ಅಂದರೆ ಚೆಂದ, ಸೊಗಸು. ‘ಪೊರ್ಲು’ ಎಂಬ ಸ್ವಂತ ಪದವಿದ್ದೂ ‘ಭಾರೀ ಶೋಕು ಉಂಡು’ ಎಂದು ಬಾಯ್ತುಂಬ ಹೊಗಳುತ್ತಾರೆ. ಆ ರುಚಿ ಅಲ್ಲಿಯ ಕನ್ನಡಕ್ಕೂ ಇಳಿದಿದೆ. ಪುತ್ತೂರಿನ ನೆಂಟರೊಬ್ಬರು ಮಂಡ್ಯದ ಕಡೆಯ ನಮ್ಮ ಅತ್ತಿಗೆಯ ಹೊಸ ಮನೆಗೆ ಬಂದು, ಪಡಸಾಲೆಯಲ್ಲಿ ನಿಂತು, ‘ನಿಮ್ಮ ಮನೆ ಭಾರೀ ಶೋಕುಂಟು ಮಾರಾಯ್ರೆ’ ಎಂದರು. ಅತ್ತಿಗೆ ನಕ್ಕರು, ಕಾಫಿ ಕೊಟ್ಟರು. ನೆಂಟರು ಗೇಟು ದಾಟಿದ ಮೇಲೆ, ‘ನೋಡಿದ್ರಾ? ಉಂಡು ಹೋಗೋ ಮನೇನ ಶೋಕಿ ಅಂದ್ಬಿಟ್ರು’ ಎಂದು ಶುರು ಮಾಡಿದವರು ರಾತ್ರಿ ಊಟದವರೆಗೂ ನಿಲ್ಲಿಸಲಿಲ್ಲ. ಒಂದೇ ಬೇರಿನ ಪದ ಘಟ್ಟದ ಕೆಳಗೆ ಹೊಗಳಿಕೆ, ಮೇಲೆ ಬೈಗುಳ. ಬೆಳಗಾವಿ ಕಡೆ ಹೋದರೆ ಮರಾಠಿಯ ‘ಹೌಸ್’ ಕೇಳಿಸುತ್ತದೆ. ಅದರಲ್ಲಿ ಆಸೆಪಟ್ಟು ಮಾಡಿದ ಅಕ್ಕರೆಯಿದೆ, ಆರೋಪವಿಲ್ಲ. ಬಯಲುಸೀಮೆಯ ನಾವೇ ಯಾಕೋ ಸ್ವಲ್ಪ ಬಿಗಿ.

ಬಿಗಿ ಅಂದರೂ ಒಂದು ಕಿಟಕಿ ಬಿಟ್ಟುಕೊಂಡಿದ್ದೇವೆ. ಅದು ಚತುರ್ಥಿ ವಿಭಕ್ತಿ. ‘ಶೋಕಿಗೆ’ ಎಂದಾಗ ಪದ ಮೆತ್ತಗಾಗುತ್ತದೆ. ‘ಆ ಗಡಿಯಾರ ಓಡಲ್ಲ, ಶೋಕಿಗೆ ಇಟ್ಟಿರೋದು.’ ಶೋಕಿಗೊಂದು ಕೂಲಿಂಗ್ ಗ್ಲಾಸು. ಶೋಕಿಗೆ ಎರಡು ಮೀನು, ಗಾಜಿನ ತೊಟ್ಟಿಯಲ್ಲಿ. ಉಪಯೋಗವಿಲ್ಲದ್ದು, ಆದರೂ ಇರಲಿ ಎಂಬ ಅಪ್ಪಣೆ ಈ ‘ಗೆ’ಯಲ್ಲಿದೆ.

ಆ ಅಪ್ಪಣೆಯ ಪೀಠೋಪಕರಣವೇ ಶೋಕೇಸು. ಎಂಬತ್ತು ತೊಂಬತ್ತರ ದಶಕದಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದ ಮಧ್ಯಮ ವರ್ಗದವರ ನಡುಮನೆಯಲ್ಲಿ ಅದಿಲ್ಲದೆ ಗೃಹಪ್ರವೇಶವಾಗುತ್ತಿರಲಿಲ್ಲ. ನಡುವೆ ಟಿ.ವಿ.ಗೊಂದು ಗೂಡು, ಸುತ್ತ ಜಾರುವ ಗಾಜು. ಒಳಗೆ ಚನ್ನಪಟ್ಟಣದ ಗೊಂಬೆಗಳು, ತಲೆ ಅಲ್ಲಾಡಿಸುವ ಗಂಡ ಹೆಂಡತಿ. ಹಾಲೆ ಮರವನ್ನು ಲೇತಿನಲ್ಲಿ ತಿರುಗಿಸಿ, ಆ ಉಜ್ಜಿನ ಬಿಸಿಗೇ ಕರಗುವ ಬಣ್ಣದ ಅರಗನ್ನು ಹತ್ತಿಸಿದ ಗೊಂಬೆಗಳವು. ಮಕ್ಕಳಿಗೆಂದೇ ಮಾಡಿದ ಆಟಿಕೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ. ಕಾವೇರಿ ಎಂಪೋರಿಯಂನಿಂದ ತಂದ ಗಂಧದ ಆನೆ, ಆಗ್ರಾಕ್ಕೆ ಹೋಗಿಬಂದವರು ಕೊಟ್ಟ ತಾಜಮಹಲು, ಮಗಳಿಗೆ ಭಾವಗೀತೆ ಸ್ಪರ್ಧೆಯಲ್ಲಿ ಬಂದ ಕಪ್ಪು, ಯಾರೂ ಟೀ ಕುಡಿಯದ ಟೀ ಸೆಟ್ಟು. ಉಳ್ಳವರ ಮನೆಯಾದರೆ ಒಂದು ಬಿದರಿ ಹೂಜಿ. ಸತು ಮತ್ತು ತಾಮ್ರದ ಎರಕದ ಮೇಲೆ ಗೀರು ಕೊರೆದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಹಳೆ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ಬಿಸಿಯಾಗಿ ಉಜ್ಜಿದರೆ ಎರಕ ಮಾತ್ರ ಕಾಡಿಗೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಇಷ್ಟೆಲ್ಲ ಕಸುಬುಗಾರಿಕೆ ಗಾಜಿನ ಹಿಂದೆ ಬೀಗದಲ್ಲಿರುತ್ತಿತ್ತು. ಬೀಗದ ಕೈ ಯಾವಾಗಲೂ ಕಳೆದಿರುತ್ತಿತ್ತು. ಈಗಿನ ಒಳಾಂಗಣ ವಿನ್ಯಾಸಕರು ಶೋಕೇಸಿನ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ನನಗೋ ಅದರ ಮೇಲೆ ಗೌರವ. ಬೆಲೆಗೂ ಬೆಡಗಿಗೂ ಸಂಬಂಧವಿಲ್ಲದಂತೆ, ಕಪ್ಪಿನ ಪಕ್ಕ ಬಿದರಿಯನ್ನೂ ಬಿದರಿಯ ಪಕ್ಕ ಪ್ಲಾಸ್ಟಿಕ್ ನವಿಲನ್ನೂ ಕೂರಿಸಿದ ಸಮಾನತೆ ಬೇರೆಲ್ಲಿ ಸಿಕ್ಕೀತು?

ಈಗ ನನ್ನ ತಕರಾರಿಗೆ ಬರುತ್ತೇನೆ. ಶೋಕಿ ಎಂದು ನಾವು ಬೈಯುವುದು ಅಲಂಕಾರವನ್ನಲ್ಲ, ನೆಪವಿಲ್ಲದ ಅಲಂಕಾರವನ್ನು. ದೀಪಾವಳಿಗೆ ಹೊಸ ಸೀರೆ ಉಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಒಂದು ಮಾಮೂಲಿ ಬುಧವಾರ ಉಟ್ಟು ಆಫೀಸಿಗೆ ಹೋಗಿ ನೋಡಿ. ‘ಏನ್ರೀ ಇವತ್ತು ವಿಶೇಷ? ಬರ್ತ್‌ಡೇನಾ?’ ಮೂರನೆಯವರು ಕೇಳುವ ಹೊತ್ತಿಗೆ ಉಟ್ಟವರಿಗೇ ತಪ್ಪು ಮಾಡಿದಂತೆ ಅನಿಸಿ, ‘ಇಲ್ಲ, ಸಂಜೆ ಒಂದು ರಿಸೆಪ್ಷನ್ ಇದೆ’ ಎಂದು ಇಲ್ಲದ ಮದುವೆ ಮಾಡಿಸುತ್ತಾರೆ.

ನಮ್ಮ ಹಿರಿಯರು ಚೆಲುವನ್ನು ಕಡಿಮೆ ಪ್ರೀತಿಸಿದವರೇನಲ್ಲ. ಅದಕ್ಕೊಂದು ಹಬ್ಬದ, ಶಾಸ್ತ್ರದ ರಹದಾರಿ ಮಾಡಿಕೊಟ್ಟಿದ್ದರು. ದಸರೆಗೆ ಗೊಂಬೆ ಕೂರಿಸುವುದು ವ್ರತ, ಹಾಗಾಗಿ ರಕ್ತಚಂದನದ ಪಟ್ಟದ ಗೊಂಬೆಗಳಿಗೆ ಜರಿಯ ಬಟ್ಟೆ ಹೊಲಿಯುತ್ತ ಒಂದು ವಾರ ಕಳೆದರೂ ಅದು ಶೋಕಿಯಾಗದು. ಸಾಗರದ ಸುತ್ತಿನ ದೀವರ ಹೆಂಗಸರ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕರಿ, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ನೂಲಿಟ್ಟು ಎಳೆದಷ್ಟು ನೇರವಾದ ಗೆರೆಗಳು. ಮದುಮಕ್ಕಳು ಕೂರುವ ಗೋಡೆಗೆಂದು ಅದನ್ನು ಬರೆಯುತ್ತಾರೆ. ಭೂಮಿ ಹುಣ್ಣಿಮೆ ಬಂದರೆ ಬಯಕೆ ಊಟ ಹೊತ್ತು ಗದ್ದೆಗೆ ಹೋಗುವ ಭೂಮಣ್ಣಿ ಬುಟ್ಟಿಗೂ ಚಿತ್ತಾರ. ಗದ್ದೆಗೆ ಊಟ ಒಯ್ಯಲು ಬರೀ ಬುಟ್ಟಿ ಸಾಲದೇ? ಸಾಲುತ್ತದೆ. ಆದರೂ ಬರೆದರು, ಯಾಕೆಂದರೆ ಭೂಮಿತಾಯಿಯ ಹೆಸರಿನಲ್ಲಿ ಬರೆಯಬಹುದಿತ್ತು. ಧಾರವಾಡದ ಕಡೆಯ ಕೌದಿಗೆ ಸಿಕ್ಕ ರಹದಾರಿ ಉಳಿತಾಯದ್ದು. ಹಳೆ ಸೀರೆ ದಂಡವಾಗಬಾರದು ಎಂಬ ನೆಪದಲ್ಲಿ ಅಜ್ಜಿಯರು ಬಣ್ಣದ ಪಕ್ಕ ಬಣ್ಣ ಕೂರಿಸುವ ಆಸೆ ತೀರಿಸಿಕೊಂಡರು. ಚಳಿಗಷ್ಟೇ ಆದರೆ ತುಂಡುಗಳನ್ನು ಹಾಗೆ ಲೆಕ್ಕ ಹಾಕಿ ಹಚ್ಚಬೇಕಿರಲಿಲ್ಲ. ಕಸೂತಿಯೂ ಅಷ್ಟೆ. ಗವಂತಿ, ಮುರಗಿ ಹೊಲಿಗೆಗಳು ಸೀರೆಯ ಒಳಮಗ್ಗುಲಲ್ಲೂ ಹೊರಮಗ್ಗುಲಿನಷ್ಟೇ ಚೊಕ್ಕ ಕಾಣುತ್ತವೆ. ಯಾರೂ ನೋಡದ ಬದಿಗೂ ಅಷ್ಟು ಕಾಳಜಿ ಮಾಡಿದವರು ತೋರಿಕೆಗೆ ಮಾಡಿದರೆನ್ನಲು ಬಾಯಿ ಬರುತ್ತದೆಯೇ?

ತಿರುಗಾಟಕ್ಕೂ ಇದೇ ಕಟ್ಟಳೆ. ಕಡಲೆಕಾಯಿ ಪರಿಷೆಗೆ ಹೋದವರು ದೊಡ್ಡ ಬಸವಣ್ಣನಿಗೆ ಕೈ ಮುಗಿಯಲು ಹೋದವರು, ಜಾತ್ರೆ ಸುತ್ತಿದ್ದು ದಾರಿಯಲ್ಲಿ ಸಿಕ್ಕಿತೆಂದು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಗಣರಾಜ್ಯ ಮತ್ತು ಸ್ವಾತಂತ್ರ್ಯದ ದಿನಗಳ ಮರ್ಯಾದೆಯಿದೆ, 1889ರ ಗಾಜಿನ ಮನೆಯ ಗಾಂಭೀರ್ಯ ಬೇರೆ. ಅದೇ ಯಾರಾದರೂ ‘ಎಲ್ಲಿಗೆ ಹೊರಟ್ರಿ?’ ಎಂದಾಗ ‘ಎಲ್ಲಿಗೂ ಇಲ್ಲ, ಸುಮ್ನೆ ಪೇಟೆ ಸುತ್ತೋಕೆ’ ಎಂದು ಹೇಳಿ ನೋಡಿ. ಕೇಳಿದವರ ಹುಬ್ಬು ಮೇಲೇರುತ್ತದೆ, ಹೇಳಿದವಳು ಸೊಸೆಯಾದರಂತೂ.

ಹುಬ್ಬೇರಿಸುವವರ ಕೈಯಲ್ಲಿ ಸದಾ ಒಂದು ಗಾದೆಯಿರುತ್ತದೆ: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಈ ಗಾದೆಯನ್ನು ಹೊಟ್ಟೆ ತುಂಬಿದವರು ಮಾತ್ರ ಹೇಳುವುದನ್ನು ಕೇಳಿದ್ದೇನೆ. ಮನೆಗೆಲಸದ ಹುಡುಗಿ ತುಟಿಗೆ ಬಣ್ಣ ಹಚ್ಚಿ ಬಂದ ದಿನ, ಕೂಲಿಯವನು ದುಬಾರಿ ಮೊಬೈಲು ಕೊಂಡ ದಿನ ಗಾದೆ ಹೊರಬರುತ್ತದೆ. ಹಿಟ್ಟು ತೀರಿದವರು ಮಲ್ಲಿಗೆ ಬಿಟ್ಟುಬಿಟ್ಟರೆ ಹಿಟ್ಟು ಬಂದೀತೇ ಎಂಬುದನ್ನು ಯಾರೂ ಹೇಳುವುದಿಲ್ಲ. ಇನ್ನು ಮಲ್ಲಿಗೆ ಬೆಳೆದವರ ಕಡೆಯಿಂದ ನೋಡಿದರೆ ಗಾದೆ ಪೂರ್ತಿ ತಲೆಕೆಳಗು. ಉಡುಪಿ ಬಳಿಯ ಶಂಕರಪುರದ ಸುತ್ತ ಮನೆಯಂಗಳದಲ್ಲೇ ಮಲ್ಲಿಗೆ ಗಿಡ ಸಾಕಿ, ಬೆಳಗಿನ ಜಾವ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, ಚೆಂಡಿನ ಲೆಕ್ಕ, ಅಟ್ಟೆಯ ಲೆಕ್ಕದಲ್ಲಿ ಮಾರುವ ಮನೆಗಳಿವೆ. ಅಟ್ಟೆಗೆ ಇಷ್ಟು ಎಂದು ದಿನದಿನವೂ ದರ ನಿಗದಿಯಾಗುತ್ತದೆ. ಮದುವೆಯ ಕಾಲದಲ್ಲಿ ಸಾವಿರ ದಾಟುತ್ತದೆ, ಬೇಡಿಕೆ ಇಳಿದಾಗ ನೆಲ ಕಚ್ಚುತ್ತದೆ. ಆ ಮನೆಗಳಲ್ಲಿ ಶಾಲೆಯ ಫೀಸು ಕಟ್ಟಿದ್ದು, ಅಕ್ಕಿ ತಂದದ್ದು ಇನ್ಯಾರದೋ ಜುಟ್ಟಿನ ದುಡ್ಡಿನಿಂದ. ಬೀದರಿನ ಎರಕದವರು, ಇಳಕಲ್ಲಿನ ನೇಕಾರರು, ಗುಳೇದಗುಡ್ಡದಲ್ಲಿ ಖಣ ನೇಯುವವರು, ಇವರೆಲ್ಲರ ಹಿಟ್ಟಿನ ಡಬ್ಬ ಊರವರ ಶೋಕಿಯ ಮೇಲೆಯೇ ನಿಂತಿದೆ. ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಇಡಿಸಿದ್ದರ ಹಿಂದೆ ಅರಮನೆಯ ಉಡುಗೆಯ ಆಸೆಯೂ ಇತ್ತು. ಶತಮಾನ ದಾಟಿ ಆ ಮಗ್ಗಗಳು ಇನ್ನೂ ಸಂಬಳ ಕೊಡುತ್ತಿವೆ.

ಸಾಲ ಮಾಡಿ ಶೋಕಿ ಮಾಡುವವರ ಪರ ನಾನು ವಾದಿಸಲಾರೆ. ಕಂತಿನಲ್ಲಿ ಫೋನು, ಕಂತಿನಲ್ಲಿ ಸೋಫಾ, ಕಂತಿನಲ್ಲಿ ಪ್ರವಾಸ. ಕಂತು ಕಟ್ಟುವ ದಿನ ಮೇಷ್ಟ್ರ ಹಾಸ್ಯ ನಿಜವಾಗಿಬಿಡುತ್ತದೆ. ಇನ್ನೊಬ್ಬರು ನೋಡಿ ಉರಿದುಕೊಳ್ಳಲಿ ಎಂದೇ ಮಾಡುವುದಕ್ಕೆ ‘ಡೌಲು’ ಎಂಬ ಬೇರೆ ಪದವೇ ಇದೆ, ಬೈಯಬೇಕಾದಾಗ ಅದನ್ನು ಬಳಸೋಣ. ಶೋಕಿಯನ್ನು ಅದರಿಂದ ಬಿಡಿಸಿಕೊಳ್ಳಬಹುದು.

ಬಿಡಿಸಿಕೊಳ್ಳುವ ಕೆಲಸವನ್ನು ಈಗಿನ ಹುಡುಗರು ನಮ್ಮನ್ನು ಕೇಳದೆಯೇ ಶುರು ಮಾಡಿದ್ದಾರೆ. ಅಜ್ಜಿಯ ಇಳಕಲ್ ಸೀರೆಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಮೆಟ್ರೊ ಹತ್ತುತ್ತಾರೆ. ಖಣದ ಬಟ್ಟೆಯಲ್ಲಿ ಜೋಳಿಗೆ ಹೊಲಿಸುತ್ತಾರೆ. ಬಾಡಿಗೆ ಮನೆಯ ಮೊಳೆ ಹೊಡೆಯಬಾರದ ಗೋಡೆಗೆ ಅಂಟುಪಟ್ಟಿಯಲ್ಲಿ ಚಿತ್ರ ಹಚ್ಚುತ್ತಾರೆ. ಯಾಕೆ ಎಂದು ಕೇಳಿದರೆ ‘ಸುಮ್ನೆ, ಚೆನ್ನಾಗಿತ್ತು’ ಎನ್ನುತ್ತಾರೆ. ಕೇಳಿದವರಿಗೇ ಮುಂದೆ ಏನು ಕೇಳಬೇಕೋ ತಿಳಿಯುವುದಿಲ್ಲ.

ವರ್ಷದ ಆರಂಭದ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಚಿತ್ರಸಂತೆ ನಡೆಸುತ್ತದೆ. ವಾಹನಗಳಿಗೆ ಆ ದಿನ ಅಲ್ಲಿ ಜಾಗವಿಲ್ಲ, ಪಾದಚಾರಿ ಹಾದಿಯುದ್ದಕ್ಕೂ ಚಿತ್ರಗಳು. ಕೈಯಲ್ಲಿ ಚುರುಮುರಿ ಪೊಟ್ಟಣ ಹಿಡಿದೇ ಬುದ್ಧನ ಬೆಲೆ ಕೇಳಬಹುದು, ಕುದುರೆಗಳಿಗೆ ಚೌಕಾಸಿ ಮಾಡಬಹುದು. ಕಳೆದ ಸಲ ಒಬ್ಬಾಕೆ ಪರ್ಸಿನಿಂದ ಸೋಫಾದ ಬಟ್ಟೆಯ ತುಂಡೊಂದನ್ನು ತೆಗೆದು ಚಿತ್ರದಿಂದ ಚಿತ್ರಕ್ಕೆ ಹಿಡಿದು ನೋಡುತ್ತಿದ್ದರು. ಪಕ್ಕದಲ್ಲಿದ್ದ ನನ್ನ ಗೆಳೆಯ, ಕಲೆಯ ಬಗ್ಗೆ ಬರೆಯುವವನು, ಹಣೆ ಚಚ್ಚಿಕೊಂಡ. ಚಿತ್ರಕಾರ ಮಾತ್ರ ಆಕೆ ಕೊಟ್ಟ ನೋಟುಗಳನ್ನು ನಿಧಾನವಾಗಿ ಎಣಿಸಿಕೊಂಡು, ಚಿತ್ರವನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತ, ‘ಮೇಡಂ, ಸೋಫಾ ಹಳೇದಾಗುತ್ತೆ. ಮುಂದಿನ್ಸಲ ಸೋಫಾ ತರೋಕೆ ಹೋಗ್ವಾಗ ಈ ಚಿತ್ರದ ಫೋಟೊ ತಗೊಂಡ್ಹೋಗಿ’ ಎಂದ.