ವೈದ್ಯ ಪದವೀಧರರ ಆಯ್ಕೆ: ಒಂದು ಹಳೆಯ ಕಥೆ

ಅಮೆರಿಕದಲ್ಲಿ ವೈದ್ಯ ಪದವಿ ಕೈಸೇರಿದ ಮಾತ್ರಕ್ಕೆ ಸ್ವತಂತ್ರವಾಗಿ ಚಿಕಿತ್ಸೆ ನೀಡುವಂತಿಲ್ಲ. ಆಸ್ಪತ್ರೆಯೊಂದರಲ್ಲಿ ‘ರೆಸಿಡೆನ್ಸಿ’ ಎಂಬ ತರಬೇತಿಯನ್ನು ಪಡೆಯಬೇಕು. 1965ರ ವಲಸೆ ಕಾಯಿದೆಯ ತರುವಾಯ ಅಲ್ಲಿಗೆ ತೆರಳಿದ ನಮ್ಮ ನಾಡಿನ ವೈದ್ಯರೂ ಈ ಹೊಸ್ತಿಲನ್ನು ದಾಟಿದವರೇ. ಆಸ್ಪತ್ರೆಯನ್ನು ಆರಿಸುವಾಗ ‘ಅಲ್ಲಿ ನಮ್ಮಂಥವರು ಇದ್ದಾರೆಯೇ?’ ಎಂದು ಅಲ್ಲಿನ ಅಲ್ಪಸಂಖ್ಯಾತ ಪದವೀಧರರು ಅನೇಕರು ವಿಚಾರಿಸುವುದುಂಟು. ಇದನ್ನು ಹೊಸಕಾಲದ ಚಾಪಲ್ಯವೆಂದು ಬಗೆಯುವವರು ಇತಿಹಾಸದತ್ತ ಕಣ್ಣು ಹಾಯಿಸಬೇಕು.

1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅವರ ವರದಿ ಪ್ರಕಟವಾದಾಗ ಕಪ್ಪು ಜನಾಂಗದವರಿಗೆ ಏಳು ವೈದ್ಯ ವಿದ್ಯಾಲಯಗಳಿದ್ದವು. ವರದಿಯು ವಾಷಿಂಗ್ಟನ್ನಿನ ಹೋವರ್ಡ್, ನ್ಯಾಶ್‌ವಿಲ್ಲಿನ ಮೆಹಾರಿ ಇವೆರಡೇ ಉಳಿಯತಕ್ಕವೆಂದಿತು. ಮಿಕ್ಕ ಐದೂ ಕ್ರಮೇಣ ಮುಚ್ಚಿದವು. ಓದಿ ಹೊರಬಂದವರಿಗಾದರೂ ತರಬೇತಿ ಎಲ್ಲಿ? ಬಿಳಿಯರ ಆಸ್ಪತ್ರೆಗಳು ಬಹುಮಟ್ಟಿಗೆ ಅವರನ್ನು ಒಳಬಿಡುತ್ತಿರಲಿಲ್ಲ. ಈ ಕೊರತೆಯನ್ನು ಮೊದಲೇ ಕಂಡಿದ್ದ ಡಾ. ಡೇನಿಯಲ್ ಹೇಲ್ ವಿಲಿಯಮ್ಸ್ 1891ರಲ್ಲಿಯೇ ಷಿಕಾಗೋದಲ್ಲಿ ಪ್ರಾವಿಡೆಂಟ್ ಆಸ್ಪತ್ರೆಯನ್ನು ಸ್ಥಾಪಿಸಿದ್ದರು. 1937ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಹೋಮರ್ ಜಿ. ಫಿಲಿಪ್ಸ್ ಆಸ್ಪತ್ರೆ ತೆರೆಯಿತು. ಅದಕ್ಕಾಗಿ ಹೋರಾಡಿದ ವಕೀಲರ ಹೆಸರದು. ಅವರು 1931ರಲ್ಲಿ ಕೊಲೆಯಾಗಿದ್ದರು. ಕಪ್ಪು ವೈದ್ಯರ ಒಂದು ಪೀಳಿಗೆಗೇ ಆ ಆಸ್ಪತ್ರೆ ಗುರುಮನೆಯಾಯಿತು.

1952ರಲ್ಲಿ ರಾಷ್ಟ್ರವ್ಯಾಪಿ ಹೊಂದಾಣಿಕೆಯ ಪದ್ಧತಿ ಬಂತು. ಪದವೀಧರನು ತನಗೆ ಬೇಕಾದ ಆಸ್ಪತ್ರೆಗಳ ಪಟ್ಟಿಯನ್ನು, ಆಸ್ಪತ್ರೆಯು ತನಗೆ ಬೇಕಾದವರ ಪಟ್ಟಿಯನ್ನು ಕೊಡುವುದು. ಎರಡನ್ನೂ ತಾಳೆ ನೋಡಿ ಸ್ಥಾನ ನಿಗದಿಪಡಿಸುವುದು. ಕಾಗದದ ಮೇಲೆ ಸೊಗಸಾದ ನ್ಯಾಯ. ಆದರೆ ಒಳಗೇ ಬಿಡದ ಆಸ್ಪತ್ರೆಯ ಹೆಸರನ್ನು ಪಟ್ಟಿಯಲ್ಲಿ ಬರೆದು ಫಲವೇನು?

ಆ ಬಾಗಿಲನ್ನು ತೆರೆಸಿದ್ದು ನ್ಯಾಯಾಲಯ ಮತ್ತು ಸರ್ಕಾರದ ಹಣ. ಗ್ರೀನ್ಸ್‌ಬರೋದ ದಂತವೈದ್ಯ ಜಾರ್ಜ್ ಸಿಮ್ಕಿನ್ಸ್ ಮತ್ತು ಅವರ ಸಂಗಡಿಗರು ಹೂಡಿದ ದಾವೆಯಲ್ಲಿ, ಸರ್ಕಾರಿ ನೆರವು ಪಡೆದ ಆಸ್ಪತ್ರೆಗಳು ವರ್ಣಭೇದ ಮಾಡುವಂತಿಲ್ಲವೆಂದು 1963ರಲ್ಲಿ ತೀರ್ಪಾಯಿತು. 1966ರಲ್ಲಿ ವೃದ್ಧರ ಚಿಕಿತ್ಸೆಗೆಂದು ಮೆಡಿಕೇರ್ ಯೋಜನೆ ಜಾರಿಗೆ ಬಂದಾಗ, ಭೇದವನ್ನು ಬಿಡದ ಆಸ್ಪತ್ರೆಗೆ ಆ ಹಣವಿಲ್ಲವೆಂದಾಯಿತು. ಧರ್ಮಬುದ್ಧಿಯಿಂದ ಆಗದ ಕೆಲಸ ಅನೇಕ ಕಡೆ ಖಜಾನೆಯಿಂದ ಆಯಿತೆನ್ನಲು ನಮಗೆ ಸಂಕೋಚವಿಲ್ಲ.

ಬಾಗಿಲು ತೆರೆದಂತೆ ಪದವೀಧರರು ನಾನಾ ಕಡೆಗೆ ಚದುರಿದರು. ಫಿಲಿಪ್ಸ್ ಆಸ್ಪತ್ರೆಯನ್ನು ನಗರಾಡಳಿತವು 1979ರಲ್ಲಿ ಮುಚ್ಚಿತು. ಜನರು ಬೀದಿಗಿಳಿದು ಪ್ರತಿಭಟಿಸಿದರೂ ಫಲಿಸಲಿಲ್ಲ. ಪ್ರವೇಶ ದೊರೆತದ್ದು ದೊಡ್ಡದೇ. ಆದರೆ ಹೊಸ ಆಸ್ಪತ್ರೆಗೆ ಸೇರಿದ ಕಪ್ಪು ಯುವವೈದ್ಯನು ಎಷ್ಟೋ ಕಡೆ ಒಬ್ಬಂಟಿಯಾದನು. ಗುರುಸ್ಥಾನದಲ್ಲಿ ತನ್ನವರನ್ನು ಕಾಣದಾದನು. ಇಂದಿನ ಪದವೀಧರೆ ಸಂದರ್ಶನಕ್ಕೆ ಹೋದಾಗ ಮನಸ್ಸಿನಲ್ಲಿ ಹೊತ್ತೊಯ್ಯುವ ಪ್ರಶ್ನೆಗಳು ಅಲ್ಲಿಂದ ಬಂದವು: ಇಲ್ಲಿ ಕಲಿಸುವವರು ಯಾರು? ವಾರ್ಡಿನಲ್ಲಿ ಮಲಗಿರುವ ರೋಗಿಗಳು ಯಾರು? ನನಗಿಂತ ಮೊದಲು ಬಂದವರು ತರಬೇತಿಯನ್ನು ಮುಗಿಸಿ ಹೋದರೇ, ನಡುವೆಯೇ ಬಿಟ್ಟರೇ?